ಬ್ಯಾಂಕಿನ ಚಿಲ್ಲರೆ ರೋಲ್‌ನಲ್ಲಿ ಮಗ ಹುಡುಕುವುದೇನು?

ಪ್ರಶ್ನೆ: ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಈಚೆಗೆ ಬ್ಯಾಂಕಿನಿಂದ ಚಿಲ್ಲರೆಯ ಡಬ್ಬಗಳನ್ನೇ ಮನೆಗೆ ಹೊತ್ತು ತರುತ್ತಾನಂತೆ. ರಾತ್ರಿ ಕೂತು ಒಂದೊಂದೇ ನಾಣ್ಯ ನೋಡಿ, ಆಮೇಲೆ ಮತ್ತೆ ಬ್ಯಾಂಕಿಗೇ ಕೊಟ್ಟು ಬರುತ್ತಾನೆ. ಸೊಸೆಗೆ ಬೇಜಾರು. ದುಡ್ಡು ಕೊಟ್ಟು ದುಡ್ಡು ತರುವುದರಲ್ಲಿ ಏನು ಸಿಗುತ್ತದೆ?
- ಓದುಗರು, ಶಿವಮೊಗ್ಗ

ಉತ್ತರ: ಮೊದಲು ಸೊಸೆಗೆ ಧೈರ್ಯ ಹೇಳಿ, ದುಡ್ಡು ಎಲ್ಲಿಗೂ ಹೋಗುವುದಿಲ್ಲ. ಹತ್ತು ಡಾಲರ್ ಕೊಟ್ಟರೆ 40 ಕ್ವಾರ್ಟರ್ (25 ಸೆಂಟಿನ ನಾಣ್ಯ) ಇರುವ ಒಂದು ರೋಲ್, ಅಂದರೆ ಸುತ್ತಿದ ಕಟ್ಟು, ಸಿಗುತ್ತದೆ. ಬೇಕಾದ್ದು ಸಿಗಲಿಲ್ಲ ಅಂದರೆ ಅದೇ ಹತ್ತು ಡಾಲರ್‌ಗೆ ವಾಪಸ್. ಹೋಗುವುದು ಸಮಯ, ಪೆಟ್ರೋಲು, ಅಷ್ಟೆ.

ಹುಡುಕುವುದಕ್ಕೆ ಕಾರಣ ಅಮೆರಿಕದ ಒಂದು ಪದ್ಧತಿ. ಅಲ್ಲಿ ಹಳೇ ನಾಣ್ಯವನ್ನು ಸರ್ಕಾರ ರದ್ದು ಮಾಡಿಲ್ಲ. ನೂರು ವರ್ಷದ ಹಿಂದಿನ ಪೆನ್ನಿ ಕೂಡ ಇವತ್ತು ಅಂಗಡಿಯಲ್ಲಿ ಒಂದು ಸೆಂಟಿಗೆ ನಡೆಯುತ್ತದೆ. ಹಾಗಾಗಿ ಹಳೆಯದು ಹೊಸದು ಎಲ್ಲಾ ಒಂದೇ ರೋಲ್‌ನಲ್ಲಿ ಬೆರೆತಿರುತ್ತದೆ.

ಅದರಲ್ಲಿ ಎಲ್ಲರ ಕಣ್ಣೂ ಬೆಳ್ಳಿಯ ಮೇಲೆ. 1964ರ ವರೆಗಿನ ಡೈಮ್ (10 ಸೆಂಟಿನ ನಾಣ್ಯ), ಕ್ವಾರ್ಟರ್, ಹಾಫ್ ಡಾಲರ್‌ಗಳಲ್ಲಿ ಶೇ. 90 ಬೆಳ್ಳಿ ಇತ್ತು. 1965ರ ಕಾನೂನು ಬಂದ ಮೇಲೆ ಡೈಮ್, ಕ್ವಾರ್ಟರ್‌ಗಳಿಂದ ಬೆಳ್ಳಿ ಪೂರ್ತಿ ಹೋಯಿತು, ಹಾಫ್ ಡಾಲರ್‌ನಲ್ಲಿ ಮಾತ್ರ 1970ರ ವರೆಗೆ ಶೇ. 40 ಉಳಿಯಿತು. ಜನ ಸುಮ್ನೆ ಬಿಡ್ತಾರಾ, ಬೆಳ್ಳಿಯದನ್ನೆಲ್ಲ ಆಗಲೇ ಎತ್ತಿಟ್ಟುಕೊಂಡರು. ಆದರೂ ಇವತ್ತಿಗೂ ಅಲ್ಲೊಂದು ಇಲ್ಲೊಂದು ಸಿಗುತ್ತದೆ, ಯಾಕೆಂದರೆ ಅಜ್ಜ ಕೂಡಿಟ್ಟ ಡಬ್ಬಿಯನ್ನು ಮೊಮ್ಮಕ್ಕಳು ಏನೂ ಗೊತ್ತಿಲ್ಲದೆ ತೆಗೆದುಕೊಂಡು ಹೋಗಿ ಬ್ಯಾಂಕಿಗೆ ಕಟ್ಟಿಬಿಡುತ್ತಾರೆ, ಅದು ಮತ್ತೆ ರೋಲ್ ಆಗಿ ಇನ್ಯಾರದೋ ಕೈಗೆ ಬರುತ್ತದೆ. ಹಾಫ್ ಡಾಲರ್ ಅಂತೂ ಅಲ್ಲಿ ಅಂಗಡಿ ವ್ಯವಹಾರದಲ್ಲಿ ಕಾಣುವುದೇ ಅಪರೂಪ, ಅದಕ್ಕೇ ಹುಡುಕುವವರಿಗೆ ಅದೆಂದರೆ ಜಾಸ್ತಿ ಆಸೆ.

ಬೆಳ್ಳಿ ಗುರುತಿಸಲು ಇಸವಿ ಓದುತ್ತಾ ಕೂರಬೇಕಿಲ್ಲ. ರೋಲ್ ಬಿಚ್ಚಿ ನಾಣ್ಯಗಳನ್ನು ಸಾಲಾಗಿ ಒರಗಿಸಿ ಅಂಚು ನೋಡುತ್ತಾರೆ. ಈಗಿನ ಕ್ವಾರ್ಟರ್ ಒಳಗೆ ತಾಮ್ರ ಇರುವುದರಿಂದ ಅಂಚಿನಲ್ಲಿ ಕಂದು ಗೆರೆ ಕಾಣುತ್ತದೆ. ಆ ಕಂದು ಸಾಲಿನ ನಡುವೆ ಒಂದು ಅಂಚು ಪೂರ್ತಿ ಬೆಳ್ಳಗಿದ್ದರೆ ಎದೆ ಢವಢವ ಅನ್ನುತ್ತದೆ! ಅದರಲ್ಲಿರುವ ಬೆಳ್ಳಿಯ ಬೆಲೆಯೇ 25 ಸೆಂಟಿನ ಹತ್ತಾರು ಪಟ್ಟು.

ಬೆಳ್ಳಿ ಬಿಟ್ಟರೂ ಹುಡುಕುವುದು ಇನ್ನೂ ಇದೆ. 1909ರಿಂದ 1958ರ ವರೆಗಿನ ಪೆನ್ನಿಯ ಹಿಂದೆ ಗೋಧಿ ತೆನೆಗಳಿರುತ್ತವೆ. 1982ರಲ್ಲಿ ಪೆನ್ನಿಯ ತಾಮ್ರ ತೆಗೆದು ಸತು ಹಾಕಿದರು, ತೂಕ 3.11 ಗ್ರಾಂನಿಂದ 2.5ಕ್ಕೆ ಇಳಿಯಿತು. ತಾಮ್ರದ್ದನ್ನು ಕೆಲವರು ಬೇರೆ ಮಾಡಿ ಇಡುತ್ತಾರೆ, ಆದರೆ ಕರಗಿಸುವುದಕ್ಕೆ ಅಲ್ಲಿ ನಿಷೇಧ ಇದೆ. ಯುದ್ಧಕಾಲದ, ಅಂದರೆ 1942ರಿಂದ 45ರ ಕೆಲವು 5 ಸೆಂಟಿನ ನಾಣ್ಯಗಳಲ್ಲಿ, ಅಂದರೆ ನಿಕಲ್‌ಗಳಲ್ಲಿ ಶೇ. 35 ಬೆಳ್ಳಿ ಇದೆ, ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡ ಅಕ್ಷರ ಇದ್ದರೆ ಅದೇ. 2019 ಮತ್ತು 2020ರಲ್ಲಿ ವೆಸ್ಟ್ ಪಾಯಿಂಟ್ ಟಂಕಸಾಲೆಯವರು ‘ಡಬ್ಲ್ಯೂ’ ಗುರುತಿನ ಕ್ವಾರ್ಟರ್‌ಗಳನ್ನು ಒಂದೊಂದು ವಿನ್ಯಾಸಕ್ಕೆ 20 ಲಕ್ಷದಂತೆ ಮಾಡಿದರು, ಅವನ್ನು ಬೇಕಂತಲೇ ಸಾಮಾನ್ಯ ಚಿಲ್ಲರೆ ಜೊತೆ ಬೆರೆಸಿ ಬಿಟ್ಟರು. ಮಗ ರಾತ್ರಿ ಭೂತಗನ್ನಡಿ ಹಿಡಿದು ಕೂತಿದ್ದರೆ ಬಹುಶಃ ಇದಕ್ಕೇ.

ಮಗನಿಗೆ ಎರಡು ಮಾತು ಹೇಳಿ. ಒಂದು, ಬ್ಯಾಂಕಿನಿಂದ ತಂದದ್ದನ್ನು ಅದೇ ಬ್ಯಾಂಕಿಗೆ ಕೊಡಬಾರದು. ಅಲ್ಲಿನ ಸಿಬ್ಬಂದಿಗೆ ತೊಂದರೆ, ಜೊತೆಗೆ ತಾನು ನೋಡಿ ಬಿಟ್ಟ ನಾಣ್ಯವೇ ಮತ್ತೆ ತನ್ನ ಕೈಗೆ ಬರಬಹುದು. ಇನ್ನೊಂದು, ಕ್ವಾರ್ಟರ್‌ನ ಒಂದು ಡಬ್ಬ ಅಂದರೆ 500 ಡಾಲರ್, ತೂಕ 11 ಕೆಜಿಗೂ ಜಾಸ್ತಿ. ಸೊಂಟ ಜೋಪಾನ.

ಪ್ರಶ್ನೆ: ನಮ್ಮ ಊರಿನ ಬ್ಯಾಂಕಿನಲ್ಲೂ ಹೀಗೆ ಹುಡುಕಬಹುದಾ?

ಉತ್ತರ: ಹುಡುಕಬಹುದು, ಆದರೆ ಬೆಳ್ಳಿಯ ಆಸೆ ಬೇಡ. ನಮ್ಮಲ್ಲಿ 1947ರ ಹೊತ್ತಿಗೇ ರೂಪಾಯಿ ನಿಕಲ್ ಲೋಹಕ್ಕೆ ಬಂದಿತ್ತು. 1957ರಲ್ಲಿ ಪೈಸೆ ಬಂದ ಮೇಲೆ ಆಣೆ ಲೆಕ್ಕ ಮುಗಿಯಿತು. 2011ರಲ್ಲಿ ನಾಲ್ಕಾಣೆಯೂ ರದ್ದಾಯಿತು. ನೋಡಬೇಕಾದ್ದು ಇಸವಿಯ ಕೆಳಗಿನ ಟಂಕಸಾಲೆ ಗುರುತು: ವಜ್ರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ಇಸವಿಯ ನಾಲ್ಕೂ ಕಡೆಯದನ್ನು ಸೇರಿಸುವುದೇ ಒಳ್ಳೆ ಕೆಲಸ. ಮಕ್ಕಳಿಗೆ ಶುರು ಮಾಡಿಸುವುದಾದರೆ 2006ರಲ್ಲಿ ಬಂದ ಬಸವೇಶ್ವರರ 5 ರೂಪಾಯಿ ನಾಣ್ಯವನ್ನು ಹುಡುಕಲು ಹೇಳಿ. ಸಿಕ್ಕಿದ ಮೇಲೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಕಡಿಮೆ ಬೆಲೆ ಕಟ್ಟುತ್ತಾರೆ.