ಅಪ್ಪನ ಕೈ ಬಿದ್ದುಹೋಗಿತ್ತು, ಗ್ಲೂಕೋಸ್ ಹಾಕಿದ ಮೇಲೆ ಸರಿಹೋಯಿತು. ಇದು ಲಕ್ವವೇ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾರೆ. ಹೋದ ವಾರ ಬೆಳಗ್ಗೆ ಎದ್ದಾಗ ಮಾತು ತೊದಲುತ್ತಿತ್ತು, ಬಲಗೈ ಎತ್ತಲು ಆಗಲಿಲ್ಲ. ಲಕ್ವ ಹೊಡೆದಿದೆ ಅಂತ ಆಸ್ಪತ್ರೆಗೆ ಓಡಿದೆವು. ಶುಗರ್ 36 ಇತ್ತು. ಗ್ಲೂಕೋಸ್ ಏರಿಸಿದ ಹತ್ತು ನಿಮಿಷಕ್ಕೆ ಕೈ ಎತ್ತಿದರು. ಸ್ಕ್ಯಾನ್ ಸರಿಯಿದೆ. ಹಿಂದಿನ ರಾತ್ರಿ ಊಟ ಸೇರದೆ ಹಾಗೇ ಮಲಗಿದ್ದರು. ಇದು ಸ್ಟ್ರೋಕ್ ಅಲ್ವಾ? ಮತ್ತೆ ಬರುತ್ತದಾ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಇದು ಲೋ ಶುಗರ್. ಮಿದುಳಿಗೆ ಸಕ್ಕರೆ ಕೂಡಿಟ್ಟುಕೊಳ್ಳಲು ಜಾಗವಿಲ್ಲ, ರಕ್ತದಲ್ಲಿ ಬಂದದ್ದನ್ನೇ ಆಗಿಂದಾಗ್ಗೆ ಬಳಸಬೇಕು. ಅದು ತೀರಾ ಇಳಿದರೆ ಗಲಿಬಿಲಿ, ತೊದಲು, ಫಿಟ್ಸ್ ಬರಬಹುದು. ಕೆಲವರಿಗೆ ಒಂದೇ ಕಡೆಯ ಕೈಕಾಲು ಸೋಲುತ್ತದೆ, ನೋಡಲು ಥೇಟ್ ಲಕ್ವ. ಅದಕ್ಕೇ ಲಕ್ವ ಅಂತ ಯಾರೇ ಬಂದರೂ ನಾವು ಮೊದಲು ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡುವುದು.

ಮತ್ತೆ ಬರುವುದೇ? ಮಾತ್ರೆ ಬದಲಾಗದಿದ್ದರೆ ಖಂಡಿತ ಬರಬಹುದು. ಈ ಮಾತ್ರೆ ಊಟ ಆಗಿದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಕಿಡ್ನಿ ಸ್ವಲ್ಪ ಸೋತಿದ್ದರೆ ಮೈಯಲ್ಲೇ ಜಾಸ್ತಿ ಹೊತ್ತು ಉಳಿಯುತ್ತದೆ. ಹಾಗಾಗಿ ಒಂದು ಬಾಟಲ್ ಏರಿಸಿ ಮನೆಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಕೆಲವೇ ಗಂಟೆಯಲ್ಲಿ ಮತ್ತೆ ಇಳಿದವರನ್ನು ಕಂಡಿದ್ದೇನೆ, ಕನಿಷ್ಠ ಒಂದು ದಿನ ನಿಗಾ ಬೇಕು. ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. ಅವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ವೈದ್ಯರ ಮೇಜಿನ ಮೇಲೆ ಹಾಕಿ. ಬಿಪಿಗೆ ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡುವ ಮಾತ್ರೆ) ಇದ್ದರೆ, ಶುಗರ್ ಇಳಿದಾಗ ಎಚ್ಚರಿಸುವ ಕೈ ನಡುಕ, ಎದೆ ಡವಡವ ಮರೆಯಾಗಿ, ಬೆವರು ಮಾತ್ರ ಕಾಣಬಹುದು. ಈ ವಯಸ್ಸಿನಲ್ಲಿ ಶುಗರ್ ತೀರಾ ಬಿಗಿಯಾಗಿ ಹಿಡಿಯುವ ಹಟ ಬೇಡ ಎಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ಗ್ಲುಕೋಮೀಟರ್ ಇಡಿ. 70ಕ್ಕಿಂತ ಕಡಿಮೆ ಇದ್ದು, ಎಚ್ಚರವಾಗಿ ನುಂಗುತ್ತಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನಕ್ಕೆ ಏರುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರಿನ ದಾರಿಗೆ ಹೋದೀತು.

ಹಾಗಂತ ಕೈ ಬಿದ್ದಾಗ ಸಕ್ಕರೆ ಕುಡಿಸಿ ಮನೆಯಲ್ಲಿ ಕಾಯಬೇಡಿ. ಶುಗರ್ ನೋಡುತ್ತಲೇ ಆಂಬ್ಯುಲೆನ್ಸ್ ಕರೆಯಿರಿ. ಸಕ್ಕರೆ ಏರಿದರೂ ಕೈ ಏಳದಿದ್ದರೆ ಅದು ನಿಜವಾದ ಸ್ಟ್ರೋಕ್ ಇರಬಹುದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು.