ಆಭಾ ನಂಬರ್ ಇದ್ದರೂ ನನ್ನ ರಿಪೋರ್ಟ್‌ಗಳು ಆ್ಯಪ್‌ನಲ್ಲಿ ಯಾಕೆ ಕಾಣಿಸುವುದಿಲ್ಲ?

ನಿಮ್ಮ ರಿಪೋರ್ಟ್ ಇರುವುದು ಪರೀಕ್ಷೆ ಮಾಡಿದ ಆಸ್ಪತ್ರೆ ಅಥವಾ ಲ್ಯಾಬಿನ ಕಂಪ್ಯೂಟರಿನಲ್ಲಿ. ಅವರು ಅದನ್ನು ನಿಮ್ಮ ಆಭಾಗೆ ಜೋಡಿಸಿಲ್ಲ, ಅದಕ್ಕೇ ಆ್ಯಪ್ ಖಾಲಿ.

ಆಭಾ ಅಂದರೆ ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್. (5 ಲಕ್ಷದ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಬೇರೆ, ಇದು ಬೇರೆ. ತುಂಬ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.) 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಶುರುವಾದ ಈ ವ್ಯವಸ್ಥೆ ಎಲ್ಲರ ದಾಖಲೆಗಳನ್ನೂ ಒಂದೇ ಕಡೆ ಗುಡ್ಡೆ ಹಾಕುವುದಿಲ್ಲ. 14 ಅಂಕಿಯ ನಂಬರ್ ಬರೀ ಗುರುತು. ಆಸ್ಪತ್ರೆ ನಿಮ್ಮ ರಿಪೋರ್ಟನ್ನು ಆ ಗುರುತಿಗೆ ಜೋಡಿಸಿ, ನೀವು ಒಪ್ಪಿಗೆ ಕೊಟ್ಟರೆ ಮಾತ್ರ ಅದು ಮೊಬೈಲಿಗೆ ಬರುತ್ತದೆ. ಬೇರೆ ಡಾಕ್ಟರಿಗೆ ತೋರಿಸಲೂ ನಿಮ್ಮ ಒಪ್ಪಿಗೆ ಬೇಕು. ನಮ್ಮ ಕಾಯಿಲೆಯ ವಿಷಯ ಸುಮ್ನೆ ಯಾರ್ಯಾರೋ ನೋಡುವಂತಿರಬಾರದು, ಅಲ್ವಾ?

ಮುಂದಿನ ಸಲ ಓಪಿಡಿ ಚೀಟಿ ಮಾಡಿಸುವಾಗಲೇ ಆಭಾ ನಂಬರ್ ಕೊಡಿ. ಆಸ್ಪತ್ರೆ ಈ ಜಾಲಕ್ಕೆ ಸೇರಿದೆಯಾ ಅಂತಲೂ ಕೇಳಿ.

ಹಳೆಯ ಕಾಗದಗಳನ್ನು ನೀವೇ ಫೋಟೋ ತೆಗೆದು ಆ್ಯಪ್‌ಗೆ ಹಾಕಬಹುದು. ಅಮ್ಮನ ಶುಗರ್ ರಿಪೋರ್ಟ್‌ಗಳು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಮಡಿಸಿ, ಮಡಿಕೆ ಬಿದ್ದಲ್ಲೆಲ್ಲ ಅಂಕಿ ಅಳಿಸಿಹೋಗಿತ್ತು. ಉಳಿದವನ್ನು ಒಂದು ಭಾನುವಾರ ಕೂತು ಹಾಕಿಟ್ಟೆ.