ಯೆಜ್ದಿಯ ಹ್ಯಾಂಡಲ್ ಕಚ್ಚಿಕೊಳ್ಳುವುದಕ್ಕೆ

ಸರ್, ಫೋರ್ಕ್ (ಮುಂದಿನ ಚಕ್ರವನ್ನು ಹಿಡಿಯುವ ಎರಡು ಕಾಲಿನ ಭಾಗ) ಬಿಚ್ಚಿ ಕೂರಿಸಿದ ಮೇಲೆ ನಿಮ್ಮ ಯೆಜ್ದಿ ಬೈಕಿನ ಹ್ಯಾಂಡಲ್ ನೇರಕ್ಕೆ ಬಂದಾಗ ಕಚ್ಚಿಕೊಳ್ಳುತ್ತದೆ, ಫೋರ್ಕ್ ಕೂಡ ಬಿಗಿಯಾಗಿದೆ ಎಂದಿದ್ದೀರಿ. ಇವು ಎರಡು ಬೇರೆ ತೊಂದರೆಗಳು.

ಮೊದಲನೆಯದು ಬಹುಪಾಲು ಹ್ಯಾಂಡಲ್ ತಿರುಗಲು ಇರುವ ಬೇರಿಂಗ್, ಅಂದರೆ ಬಟ್ಟಲು ಮತ್ತು ಬಾಲ್‌ಗಳ ಕೋನ್ ಸೆಟ್‌ನದು. ಬಟ್ಟಲುಗಳ ಒಳಗೆ ಉಗುರು ಆಡಿಸಿ ನೋಡಿ. ಸಣ್ಣ ಗುಳಿಗಳು ತಾಗಿದರೆ ಎಷ್ಟು ಗ್ರೀಸ್ ಹಾಕಿದರೂ ಪ್ರಯೋಜನವಿಲ್ಲ, ಪೂರ್ತಿ ಸೆಟ್ ಬದಲಿಸಿ. ಪುಣೆಯಲ್ಲೇ ಇದ್ದೀರಲ್ಲ, ಹಳೆಯ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ನಾನಾ ಪೇಠೆಯ ಸ್ಪೇರ್ ಅಂಗಡಿಗಳಲ್ಲಿ ವಿಚಾರಿಸಿ. ಈ ಹಳೆಯ ಯೆಜ್ದಿಗಳನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ ಅಳತೆ ಹೊಂದಿಸಿ ನೋಡದೆ ಏನನ್ನೂ ಕೊಳ್ಳಬೇಡಿ. ಹೊಸ ಬಾಲ್‌ಗಳ ಜೊತೆ ಹಳೆಯವನ್ನು ದಯವಿಟ್ಟು ಬೆರೆಸಬೇಡಿ. ದಪ್ಪಗೆ ಗ್ರೀಸ್ ಮೆತ್ತಿ ಅದರಲ್ಲಿ ಕೂರಿಸಿದರೆ ಸ್ಟೆಮ್ (ಫೋರ್ಕಿನ ಮೇಲಿನ ತಿರುಗುವ ದಂಡ) ಏರಿಸುವಾಗ ಅವು ಉದುರುವುದಿಲ್ಲ.

ಸ್ಟೆಮ್‌ನ ನಟ್ ಬಿಗಿಯುವಾಗ ಆತುರ ಬೇಡ, ಅಲುಗಾಟ ಹೋಗುವಷ್ಟು ಮಾತ್ರ. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ತಳ್ಳಿದರೆ ತನ್ನ ಭಾರಕ್ಕೇ ಎರಡೂ ಕಡೆ ವಾಲಬೇಕು. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದರೆ ಟಕ್ ಅನ್ನಬಾರದು. ಲಾಕ್ ನಟ್ ಹಾಕಿದ ಮೇಲೆ ಇದನ್ನೇ ಇನ್ನೊಮ್ಮೆ ನೋಡಿ. ಅದು ತಿರುಗುವಾಗ ಕೆಳಗಿನ ನಟ್ಟನ್ನೂ ಎಳೆದುಕೊಳ್ಳುತ್ತದೆ.

ಫೋರ್ಕ್ ಬಿಗಿಯಾಗುವುದು ಸಾಮಾನ್ಯವಾಗಿ ಎರಡು ಕಾಲುಗಳು ಸಮಾಂತರವಾಗಿ ಕೂರದಿದ್ದಾಗ. ಆಕ್ಸಲ್ ಹಾಕಿ, ಅದರ ಕ್ಲ್ಯಾಂಪ್ ಬೋಲ್ಟ್ ಸಡಿಲವಿಟ್ಟು, ಬ್ರೇಕ್ ಹಿಡಿಯದೆ ಮುಂಭಾಗವನ್ನು ಚೆನ್ನಾಗಿ ಅದುಮಿ ಬಿಡಿ, ಆಮೇಲೆ ಬಿಗಿಯಿರಿ. ಎರಡೂ ಕಾಲಿಗೆ ಆಯಿಲ್ ಒಂದೇ ಅಳತೆ ಇರಲಿ. ಆಗಲೂ ಬಿಗಿ ಇದ್ದರೆ ಪೈಪ್‌ಗಳನ್ನು ತೆಗೆದು ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ, ಸೊಟ್ಟಗಾಗಿದ್ದರೆ ಕೂಡಲೇ ಗೊತ್ತಾಗುತ್ತದೆ.